ಅಮಾನತು ಎಂಬ ಮಾತಿಗೆ ಎರಡು ಅರ್ಥ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಈ ನಾಲ್ಕು ತಾಲೂಕುಗಳ ಪೈಕಿ ಒಂದರ ಸರಕಾರಿ ಕಚೇರಿಯ ಕಿಟಕಿಯ ಮುಂದೆ ನಾವು ಕಂಡ ಒಂದು ಸಣ್ಣ ಸಂಗತಿಯಿಂದ ಈ ಮಾತನ್ನು ಶುರುಮಾಡುತ್ತೇವೆ. ಯಾವ ಕಚೇರಿ ಎಂಬುದು ಬೇಡ. ಓದುಗರು ತಮ್ಮ ಊರಿನದೇ ಎಂದುಕೊಂಡರೂ ತಪ್ಪಾಗಲಾರದು.

ಎಪ್ಪತ್ತು ದಾಟಿದ ಒಬ್ಬ ಅಜ್ಜ ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದು ಸಾಲಿನಲ್ಲಿ ನಿಂತಿದ್ದ. ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದ. ಬೆಳೆ ವಿಮೆ ಕಟ್ಟಲು ಮರುದಿನವೇ ಕೊನೆಯ ದಿನ. ಕಿಟಕಿಯ ಆಚೆ ಕೂತಿದ್ದ ಹುಡುಗಿ, “ಇಲ್ಲ ಕಣಜ್ಜ, ಸರ್ವರ್ ಇಲ್ಲ. ನಾಳೆ ಬಾ” ಅಂದಳು. ಅಜ್ಜ ಸಿಟ್ಟಾಗಲಿಲ್ಲ. “ಹೋದ ಸೋಮವಾರನೂ ಇದೇ ಅಂದೆ ಕಣವ್ವ. ಯಾರವ್ವ ಆ ಸರ್ವರು? ಯಾವಾಗ ಬರ್ತಾನೆ?” ಎಂದು ಕೇಳಿದ. ಸಾಲಿನಲ್ಲಿದ್ದವರು ನಕ್ಕರು. ನಾವೂ ನಕ್ಕೆವು. ಹೋಟೆಲಿನ ಸರ್ವರನ್ನು ಬಿಟ್ಟರೆ ಬೇರೆ ಸರ್ವರ್ ಇರುತ್ತಾನೆಂದು ಅವನಿಗೆ ಹೇಗೆ ಗೊತ್ತಾಗಬೇಕು!

ಆಮೇಲೆ ಯೋಚಿಸಿದಾಗ ನಾವು ನಕ್ಕದ್ದೇ ತಪ್ಪು ಎನಿಸಿತು. ಅಜ್ಜನ ಪ್ರಶ್ನೆ ಸರಿಯಾಗಿಯೇ ಇತ್ತು. ಆ ಯಂತ್ರದ ಹಿಂದೆ ಯಾರೋ ಇದ್ದಾರೆ. ಎಷ್ಟು ಜನ ಒಟ್ಟಿಗೆ ಬಂದರೆ ಅದು ತಡೆದುಕೊಳ್ಳಬೇಕು, ನಿಂತುಹೋದರೆ ಎಷ್ಟು ಹೊತ್ತಿನಲ್ಲಿ ಸರಿಯಾಗಬೇಕು, ಆಗದಿದ್ದರೆ ಯಾರು ದಂಡ ತೆರಬೇಕು, ಆ ದಿನ ಸಾಲಿನಲ್ಲಿ ನಿಂತವನ ಗತಿ ಏನು, ಇವೆಲ್ಲವನ್ನೂ ಯಾರೋ ಎಂದೋ ಒಂದು ಕಾಗದದಲ್ಲಿ ಬರೆದಿದ್ದಾರೆ, ಇಲ್ಲವೆ ಬರೆಯದೆ ಬಿಟ್ಟಿದ್ದಾರೆ. ಆ ಕಾಗದಕ್ಕೆ ಟೆಂಡರ್ ದಸ್ತಾವೇಜು ಎನ್ನುತ್ತಾರೆ. ಅದು ಸಾಮಾನ್ಯವಾಗಿ ಬೆಂಗಳೂರಿನಲ್ಲಿ, ವರ್ಷಗಳ ಹಿಂದೆ, ಈ ಅಜ್ಜನನ್ನು ಎಂದೂ ನೋಡದವರ ಮೇಜಿನ ಮೇಲೆ ತಯಾರಾಗಿರುತ್ತದೆ. ಅವನ ದಿನದ ಕೂಲಿ ಹೋಗುತ್ತದೋ ಉಳಿಯುತ್ತದೋ ಎಂಬುದು ಅಲ್ಲಿಯೇ ತೀರ್ಮಾನವಾಗಿರುತ್ತದೆ.

ಸರಕಾರ ಕಂಪ್ಯೂಟರ್ ವ್ಯವಸ್ಥೆಗಳನ್ನು ಹೇಗೆ ಕೊಳ್ಳಬೇಕು ಎಂಬುದು ಎಂಜಿನಿಯರುಗಳ, ಲೆಕ್ಕಪರಿಶೋಧಕರ ಪ್ರಶ್ನೆ ಎಂದು ನಾವೆಲ್ಲ ತಿಳಿದಿದ್ದೇವೆ. ಅದು ಅದಕ್ಕೂ ಮೊದಲು ನೀತಿಯ ಪ್ರಶ್ನೆ ಎಂಬುದನ್ನು ಇಲ್ಲಿ ಹೇಳಬೇಕಾಗಿದೆ.

ನಮ್ಮ ಆಡಳಿತದ ಕನ್ನಡದಲ್ಲಿ ‘ಅಮಾನತು’ ಎಂಬ ಮಾತಿದೆ. ನೌಕರನನ್ನು ಅಮಾನತು ಮಾಡಿದರು ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ಹೊರಗಿಟ್ಟರು ಎಂದರ್ಥ. ಪತ್ರಿಕೆ ಓದುವವರಿಗೆ ಈ ಅರ್ಥವೇ ಗೊತ್ತು. ಆದರೆ ಅರಬ್ಬಿಯಿಂದ ಹೊರಟು ಪಾರಸಿ, ಉರ್ದುಗಳ ಮೂಲಕ ಕನ್ನಡಕ್ಕೆ ಬಂದ ಈ ಪದದ ಮೂಲ ಅರ್ಥ ಬೇರೆ. ನಂಬಿ ಒಪ್ಪಿಸಿದ್ದು, ಮತ್ತೊಬ್ಬರದ್ದಾದರೂ ನಮ್ಮ ಕೈಯಲ್ಲಿರುವುದು, ಕೇಳಿದಾಗ ಹಾಗೆಯೇ ಮರಳಿಸಬೇಕಾದದ್ದು ಅಮಾನತು. ಪ್ರವಾದಿ ಮುಹಮ್ಮದರು ಪ್ರವಾದಿಯಾಗುವ ಮುನ್ನವೇ ಮಕ್ಕಾದ ಜನ ಅವರನ್ನು ‘ಅಲ್-ಅಮೀನ್’ ಎಂದು ಕರೆದದ್ದು ಇದೇ ಪದದ ಬೇರಿನಿಂದ. ಮಕ್ಕಾ ಬಿಟ್ಟು ಹೊರಡುವ ರಾತ್ರಿಯೂ ತಮ್ಮ ಬಳಿ ಜನ ಇಟ್ಟಿದ್ದ ಒಡವೆ ವಸ್ತುಗಳನ್ನು ಅವರವರಿಗೆ ಮುಟ್ಟಿಸಲೆಂದು ಅಲಿಯವರನ್ನು ಹಿಂದೆ ಬಿಟ್ಟುಹೋದರೆಂದು ಚರಿತ್ರೆ ಹೇಳುತ್ತದೆ. ಹಾಗೆ ಇಟ್ಟವರಲ್ಲಿ ಅವರ ವಿರೋಧಿಗಳೂ ಇದ್ದರು.

ಸರಕಾರಿ ಖರೀದಿಯಲ್ಲಿ ಈ ಎರಡೂ ಅರ್ಥಗಳು ಎದುರುಬದುರು ನಿಲ್ಲುತ್ತವೆ. ನಮ್ಮ ನಿಯಮಗಳೆಲ್ಲ ಎರಡನೆಯ ಅರ್ಥದ ಸುತ್ತ ಬೆಳೆದಿವೆ. ಖರೀದಿಸುವ ಅಧಿಕಾರಿ ‘ಅಮಾನತಾಗದಂತೆ’ ಖರೀದಿಸಲು ಕಲಿತಿದ್ದಾನೆ. ‘ಅಮಾನತಿನಂತೆ’ ಖರೀದಿಸುವುದು ಹೇಗೆ ಎಂದು ಅವನಿಗೆ ಯಾರೂ ಕಲಿಸಿಲ್ಲ.

ಮನೆಯೊಬ್ಬ ಸೈಕಲ್ ಕೊಳ್ಳುವಾಗ ಹಣ ಕೊಡುವವನೂ ಅವನೇ, ಆರಿಸುವವನೂ ಅವನೇ, ಚೈನು ಕಳಚಿದಾಗ ದಾರಿಯಲ್ಲಿ ತಳ್ಳಿಕೊಂಡು ಬರುವವನೂ ಅವನೇ. ಆದ್ದರಿಂದ ಅವನು ಎಚ್ಚರವಾಗಿರುತ್ತಾನೆ. ಸರಕಾರ ಕೊಳ್ಳುವಾಗ ಈ ಮೂವರೂ ಬೇರೆ ಬೇರೆ. ಹಣ ತೆರಿಗೆ ಕಟ್ಟಿದವರದು. ಆಯ್ಕೆ ಅಧಿಕಾರಿಯದು. ಚೈನು ಕಳಚಿದಾಗ ತಳ್ಳುವ ಕೆಲಸ ಹೊಸದುರ್ಗದ ವಿಧವೆಯದು, ಹೊಳಲ್ಕೆರೆಯ ಕೂಲಿಯವನದು. ಆರಿಸಿದವನಿಗೆ ನೋವು ತಟ್ಟುವುದಿಲ್ಲ, ನೋವು ತಿನ್ನುವವನಿಗೆ ಆರಿಸುವ ಹಕ್ಕಿಲ್ಲ. ಲಂಚವೇ ಇಲ್ಲದ, ಎಲ್ಲ ನಿಯಮಗಳನ್ನೂ ಪಾಲಿಸಿದ ಖರೀದಿಯೂ ಅನ್ಯಾಯದ್ದಾಗಬಹುದು ಎಂದು ನಾವು ಹೇಳುವುದು ಈ ಕಾರಣಕ್ಕೆ.

ಇದಕ್ಕೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ಪಾಠವಿದೆ. ಅದು ‘ಭೂಮಿ’ ಯೋಜನೆ. ಹೊಲದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ಪ್ರಯತ್ನಗಳು 1990ರ ದಶಕದಲ್ಲೇ ನಡೆದಿದ್ದವು. ಅವು ಫಲಿಸಲಿಲ್ಲ. ಕಾರಣ ಯಂತ್ರದ್ದಲ್ಲ. ಒಮ್ಮೆ ದಾಖಲೆ ಏರಿಸಿದರು. ಆದರೆ ಹಳ್ಳಿಯಲ್ಲಿ ಗ್ರಾಮಲೆಕ್ಕಿಗರು ಕೈಬರಹದ ಪಹಣಿಯನ್ನೇ ತಿದ್ದುತ್ತ, ಕೊಡುತ್ತ ಹೋದರು. ಕಂಪ್ಯೂಟರಿನೊಳಗಿನ ಹೊಲಗಳು ಹಳತಾಗುತ್ತ ಹೋದವು, ಹೊರಗಿನ ಹೊಲಗಳು ಭಾಗವಾಗುತ್ತ, ಮಾರಾಟವಾಗುತ್ತ ನಡೆದವು. ಯಂತ್ರ ಕೊಂಡವರು ದಾಖಲೆ ಹೇಗೆ ಬದುಕುತ್ತದೆ ಎಂಬುದನ್ನು ಯೋಚಿಸಿರಲಿಲ್ಲ.

ಎರಡನೆಯ ಸಲ ಇದೇ ಕೆಲಸಕ್ಕೆ ಕೈಹಾಕಿದವರು ಆ ಸೋಲನ್ನು ಓದಿಕೊಂಡು ಬಂದಿದ್ದರು. ತಂತ್ರಾಂಶವನ್ನು ಹೊರಗಿನಿಂದ ಕೊಳ್ಳದೆ ಸರಕಾರದ್ದೇ ಆದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದಿಂದ ಬರೆಸಿದರು. ದಾಖಲೆ ಟೈಪು ಮಾಡುವ ಕೆಲಸವನ್ನು ಮಾತ್ರ ಖಾಸಗಿಯವರಿಗೆ ಕೊಟ್ಟರು. ಕಂಪ್ಯೂಟರ್ ಕಿಟಕಿ ತೆರೆದ ತಾಲೂಕಿನಲ್ಲಿ ಕೈಬರಹದ ಪಹಣಿ ನಡೆಯದು ಎಂದು ನಿಯಮ ಮಾಡಿದರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶದೊಳಗೇ ಕಟ್ಟಿದರು. 2002ರ ಹೊತ್ತಿಗೆ ಆಗಿನ 177 ತಾಲೂಕುಗಳಲ್ಲಿ, ಚಿತ್ರದುರ್ಗ ಜಿಲ್ಲೆಯ ಆರೂ ತಾಲೂಕುಗಳು ಸೇರಿದಂತೆ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿನಲ್ಲಿದ್ದವು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಹೋಗಿ ಕೈಬಿಸಿ ಮಾಡಿ ಕಾಯುತ್ತಿದ್ದ ಜನಕ್ಕೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಆ ಯೋಜನೆಯಲ್ಲಿ ನಮ್ಮ ಮನಸ್ಸನ್ನು ಹಿಡಿದಿರುವುದು ಈ ದೊಡ್ಡ ಅಂಕಿಗಳಲ್ಲ, ಒಂದು ಸಣ್ಣ ಏರ್ಪಾಟು. ಭೂಮಿ ಕೇಂದ್ರಗಳ ಕಿಟಕಿಯಲ್ಲಿ ಒಂದರ ಬದಲು ಎರಡು ಪರದೆಗಳನ್ನು ಇಡುವ ಕ್ರಮ ಮಾಡಿದ್ದರು. ಒಂದು ಒಳಗೆ ಕೂತ ನೌಕರನ ಕಡೆಗೆ. ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ತನ್ನ ಹೊಲದ ಮೇಲೆ ಒಳಗೆ ಏನು ನಡೆಯುತ್ತಿದೆ ಎಂದು ಅವನು ನೋಡಲಿ ಎಂದು. ಆ ಎರಡನೆಯ ಪರದೆಗೆ ಹೆಚ್ಚುವರಿ ದುಡ್ಡು ಬೇಕಿತ್ತು. ಅದಿಲ್ಲದೆಯೂ ಯಂತ್ರ ನಡೆಯುತ್ತಿತ್ತು. ಆದರೂ ಖರೀದಿಯ ಪಟ್ಟಿ ಮಾಡುವಾಗ ಯಾರೋ ಒಬ್ಬರು ಕಿಟಕಿಯ ಈಚೆ ನಿಂತವನನ್ನು ನೆನೆಸಿಕೊಂಡಿದ್ದರು. ಅಮಾನತು ಎಂಬುದರ ಮೂಲ ಅರ್ಥ ಅದೇ.

ಹಾಗೆಂದು ನಾವು ಭೂಮಿಯನ್ನು ಪೂಜೆಗೆ ಕೂರಿಸುತ್ತಿಲ್ಲ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು. ಹಳ್ಳಿಯ ಮಟ್ಟದ ದಾಖಲೆ ಒಂದೆಡೆ ಕೇಂದ್ರೀಕೃತವಾದಾಗ ಬೆಂಗಳೂರಿನ ಸುತ್ತಮುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಹಿಡಿಯುವವರಿಗೆ ಅನುಕೂಲವಾಯಿತು, ಲಂಚ ಮಾಯವಾಗದೆ ಮೇಲಿನ ಮೇಜಿಗೆ ಹತ್ತಿತು ಎಂಬುದು ಅವರ ವಾದ. ತಪ್ಪು ದಾಖಲಾದ ಹೆಸರನ್ನು, ವಿಸ್ತೀರ್ಣವನ್ನು ತಿದ್ದಿಸಲು ತಾಲೂಕು ಕಚೇರಿಗೂ ಉಪವಿಭಾಗಾಧಿಕಾರಿಗಳ ಕಚೇರಿಗೂ ಅಲೆದವರನ್ನು ನಾವೂ ಬಲ್ಲೆವು. ಒಳ್ಳೆಯ ಯೋಜನೆಯೂ ಯಾರಿಗೋ ಭಾರವಾಗುತ್ತದೆ. ಆ ಭಾರ ಯಾರ ಮೇಲೆ ಬೀಳುತ್ತದೆ ಎಂದು ಮೊದಲೇ ಕೇಳಿಕೊಳ್ಳುವುದು ಖರೀದಿಸುವವನ ಕರ್ತವ್ಯ.

ಭೂಮಿಯ ನಂತರ 2006ರಲ್ಲಿ ‘ನೆಮ್ಮದಿ’ ಕೇಂದ್ರಗಳು ಬಂದವು. ಹೋಬಳಿ ಮಟ್ಟದಲ್ಲಿ ಸುಮಾರು 800 ಕೇಂದ್ರಗಳು. ಅದು ಖಾಸಗಿ ಸಹಭಾಗಿತ್ವದ ಕಾಲ. ಕಂಪೆನಿಯವರು ಬಂಡವಾಳ ಹಾಕಿ ಕೇಂದ್ರ ನಡೆಸಬೇಕು, ಜನ ಕೊಡುವ ಶುಲ್ಕದಲ್ಲಿ ಅವರ ಪಾಲು ಪಡೆಯಬೇಕು ಎಂಬ ಏರ್ಪಾಟು. ಜಾತಿ, ಆದಾಯ ಪ್ರಮಾಣಪತ್ರಗಳು ಹೋಬಳಿಯಲ್ಲೇ ಸಿಗತೊಡಗಿದವು. ಒಪ್ಪಂದದ ಅವಧಿ ಮುಗಿದ ಮೇಲೆ 2012ರಲ್ಲಿ ಸರಕಾರ ಅದೇ ಕೆಲಸವನ್ನು ನಾಡಕಚೇರಿಗಳಿಗೆ ತಂದುಕೊಂಡಿತು. ಅಟಲ್‌ಜೀ ಜನಸ್ನೇಹಿ ಕೇಂದ್ರ ಎಂದು ಹೆಸರಾಯಿತು. ಕಂಪೆನಿ ಸರಿಯೋ ಸರಕಾರ ಸರಿಯೋ ಎಂಬ ವಾದಕ್ಕೆ ನಾವು ಇದನ್ನು ಹೇಳುತ್ತಿಲ್ಲ. ಪಾಲುದಾರ ಹೊರಟುಹೋದಾಗ ಮನೆ ಮುಚ್ಚದಂತೆ ಸರಕಾರಕ್ಕೆ ತನ್ನದೇ ಆದ ಜಾಗ, ತನ್ನದೇ ನೌಕರರು, ತನ್ನದೇ ದಾಖಲೆ ಇರಬೇಕು. ಹೋಬಳಿಯಲ್ಲಿ ನಾಡಕಚೇರಿ ಎಂಬ ಜಾಗ ಇದ್ದುದರಿಂದ ಹಿಂದಿರುಗಲು ಮನೆ ಇತ್ತು. ಯಾವ ಒಪ್ಪಂದಕ್ಕೂ ಒಳಬರುವ ಬಾಗಿಲಿನಷ್ಟೇ ಹೊರಹೋಗುವ ಬಾಗಿಲೂ ಮುಖ್ಯ.

ಇದು ಕಟ್ಟಡದ ಕಾಮಗಾರಿಗೂ ಕಂಪ್ಯೂಟರ್ ಕಾಮಗಾರಿಗೂ ಇರುವ ದೊಡ್ಡ ವ್ಯತ್ಯಾಸ. ಹಿರಿಯೂರು ತಾಲೂಕಿನ ವಾಣಿವಿಲಾಸ ಸಾಗರವನ್ನು, ನಮ್ಮ ಜನ ಹೇಳುವ ಮಾರಿಕಣಿವೆಯನ್ನು, 1898ರಿಂದ 1907ರವರೆಗೆ ಕಟ್ಟಿದರು. ಅದು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಕಾದು 2022ರಲ್ಲಿ. ಮೂರನೆಯ ಸಲ 2025ರ ಜನವರಿಯಲ್ಲಿ. ಕಟ್ಟಿದ ಎಂಜಿನಿಯರುಗಳು, ಕಲ್ಲು ಹೊತ್ತ ಕೂಲಿಗಳು ಯಾರೂ ಇಂದು ಇಲ್ಲ. ಕಟ್ಟೆ ನಿಂತಿದೆ. ತಂತ್ರಾಂಶ ಹಾಗಲ್ಲ. ಬರೆದವರು ಬಿಟ್ಟುಹೋದ ಮರುವರ್ಷವೇ ಅದು ಸೋರತೊಡಗುತ್ತದೆ. ನಿಯಮ ಬದಲಾದಾಗ, ಹೊಸ ತಾಲೂಕು ಹುಟ್ಟಿದಾಗ, ಕಳ್ಳರು ಹೊಸ ದಾರಿ ಕಂಡುಕೊಂಡಾಗ ಅದನ್ನು ತಿದ್ದಲೇಬೇಕು. ಅದನ್ನು ಕೊಳ್ಳುವುದೆಂದರೆ ವಸ್ತುವನ್ನು ಕೊಳ್ಳುವುದಲ್ಲ, ಸಂಬಂಧ ಬೆಳೆಸುವುದು. ಕಟ್ಟೆ ಕೊಳ್ಳುವ ನಿಯಮದಲ್ಲಿ ಸಂಬಂಧ ಕೊಳ್ಳಲು ಹೋದರೆ ಎಡವಟ್ಟಾಗುತ್ತದೆ.

ನಿಯಮ ಏನು ಹೇಳುತ್ತದೆ? 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ನಮ್ಮ ರಾಜ್ಯದ ಖರೀದಿಗಳಿಗೆಲ್ಲ ತಳಹದಿ. ಬೇಕಾದವರನ್ನು ಕರೆದು ಬೇಕಾದ ಬೆಲೆಗೆ ಗುತ್ತಿಗೆ ಕೊಡುತ್ತಿದ್ದ ಕಾಲಕ್ಕೆ ಅದು ಕಡಿವಾಣ ಹಾಕಿತು. ಆ ಉಪಕಾರವನ್ನು ಮರೆಯಬಾರದು. ಕಣ್ಣು ಮುಚ್ಚಿ ಅಗ್ಗದ್ದನ್ನೇ ಆರಿಸಿ ಎಂದು ಕಾಯಿದೆ ಹೇಳುವುದಿಲ್ಲ. ಟೆಂಡರ್ ದಸ್ತಾವೇಜಿನಲ್ಲಿ ಮೊದಲೇ ಹೇಳಿದ ಅಳತೆಗಳ ಮೇಲೆ ತೂಗಿ, ಹಾಗೆ ತೂಗಿದಾಗ ಕಡಿಮೆಯಾದದ್ದನ್ನು ಒಪ್ಪಿ ಎನ್ನುತ್ತದೆ. ಎಂದರೆ ಎಲ್ಲವೂ ಆ ‘ಮೊದಲೇ ಹೇಳಿದ ಅಳತೆ’ಯಲ್ಲಿದೆ. ಆದರೆ ಕಚೇರಿಗಳಲ್ಲಿ ನಡೆಯುವುದೇನು? ಗುಣಕ್ಕೆ ಅಂಕ ಕೊಟ್ಟರೆ ಆಡಿಟ್ ಆಕ್ಷೇಪಣೆ ಬರಬಹುದು, ದೂರು ಹೋಗಬಹುದು, ನಿವೃತ್ತಿಯ ಹೊತ್ತಿಗೆ ಇಲಾಖಾ ವಿಚಾರಣೆ ಎದುರಾಗಬಹುದು. ಅಗ್ಗದ್ದನ್ನು ಆರಿಸಿದವನನ್ನು ಯಾರೂ ಪ್ರಶ್ನಿಸುವುದಿಲ್ಲ. ಆಮೇಲೆ ಆ ವ್ಯವಸ್ಥೆ ಐದು ವರ್ಷ ಜನರನ್ನು ಸಾಲಿನಲ್ಲಿ ನಿಲ್ಲಿಸಿದರೂ ಆ ಸಾಲು ಯಾವ ಆಡಿಟ್ ವರದಿಯ ಕಾಲಮಿಗೂ ಬರುವುದಿಲ್ಲ. ಅಧಿಕಾರಿಯ ಭಯವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಅವನಿಗೂ ಮನೆ ಮಕ್ಕಳಿದ್ದಾರೆ. ಆದರೆ ಭಯದಿಂದ ಹುಟ್ಟಿದ ಶುದ್ಧಹಸ್ತಕ್ಕೂ ಹೊಣೆಯಿಂದ ಹುಟ್ಟಿದ ನ್ಯಾಯಕ್ಕೂ ವ್ಯತ್ಯಾಸವಿದೆ.

ಬೆಲೆಯ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ದೊಡ್ಡ ಗ್ರಂಥಗಳು ಬೇಡ. ನಮ್ಮ ಈ ನಾಲ್ಕು ತಾಲೂಕುಗಳ ರೈತರಿಗೆ ಗೊತ್ತಿರುವ ಎರಡು ಕರಾರುಗಳು ಸಾಕು. ಒಂದು ಬೋರ್‌ವೆಲ್. ರಿಗ್ ಗಾಡಿಯವನಿಗೆ ಅಡಿಗೆ ಇಷ್ಟು ಎಂದು ದುಡ್ಡು. ನೀರು ಬರಲಿ, ಬರೀ ಧೂಳು ಹಾರಲಿ, ಅವನ ದುಡ್ಡು ಅವನಿಗೆ. ಸೋತರೆ ಪೂರ್ತಿ ರೈತನ ಕೊರಳಿಗೆ. ಹಿರಿಯೂರು, ಹೊಸದುರ್ಗಗಳ ಕಡೆ ಹೀಗೆ ಮೇಲಿಂದ ಮೇಲೆ ಬತ್ತಿದ ಕೊಳವೆಗಳಿಗೆ ತೆಂಗಿನ ತೋಟ ಕಳೆದುಕೊಂಡ ಮನೆಗಳಿವೆ. ಇನ್ನೊಂದು ಅಡಿಕೆಯ ಖೇಣಿ. ಹೊಳಲ್ಕೆರೆಯ ಕಡೆ ಮರದ ಮೇಲಿನ ಫಸಲನ್ನೇ ಅಂದಾಜು ಮಾಡಿ ಖೇಣಿದಾರ ಮೊದಲೇ ಹಿಡಿಯುತ್ತಾನೆ. ಆಮೇಲೆ ರೋಗ ಬಂದರೆ, ದರ ಬಿದ್ದರೆ ಅವನ ಹಣೆಬರಹ. ದರ ಏರಿದರೆ ರೈತ ಕೈ ಹಿಸುಕಿಕೊಳ್ಳಬೇಕು.

ಸರಕಾರದ ಕಂಪ್ಯೂಟರ್ ಗುತ್ತಿಗೆಗಳೂ ಈ ಎರಡರ ನಡುವೆಯೇ ತೂಗಾಡುತ್ತವೆ. ಇಷ್ಟು ಯಂತ್ರ ಇಳಿಸಿದೆ, ಇಷ್ಟು ಜನ ಇಷ್ಟು ತಿಂಗಳು ದುಡಿದರು ಎಂದು ಬಿಲ್ಲು ಕೊಟ್ಟರೆ ಅದು ಬೋರ್‌ವೆಲ್ಲಿನ ಅಡಿಲೆಕ್ಕ. ನೀರಿನ ಹೊಣೆ ಯಾರದೂ ಅಲ್ಲ. ಐದು ವರ್ಷದ ಕೆಲಸಕ್ಕೆ ಇಂದೇ ಒಂದೇ ಮೊತ್ತ ನಿಗದಿ ಮಾಡಿದರೆ ಅದು ಖೇಣಿ. ಇನ್ನೂ ಹುಟ್ಟದ ವಸ್ತುವಿನ ಬೆಲೆಯನ್ನು ಇಬ್ಬರೂ ಊಹಿಸುತ್ತಿದ್ದಾರೆ. ಕಡಿಮೆ ಹೇಳಿ ಗುತ್ತಿಗೆ ಹಿಡಿದವನು ನಷ್ಟ ಕಂಡಾಗ ಎಲ್ಲಿ ಉಳಿಸುತ್ತಾನೆ? ಒಳ್ಳೆಯ ಕೆಲಸಗಾರರನ್ನು ಬೇರೆಡೆಗೆ ಕಳಿಸುತ್ತಾನೆ, ದೂರು ಕೇಳುವ ಫೋನಿನ ಮುಂದೆ ಜನ ಕಡಿಮೆ ಮಾಡುತ್ತಾನೆ. ಆ ನಷ್ಟ ಕೊನೆಗೆ ಬಂದು ಸೇರುವುದು ಕಿಟಕಿಯ ಮುಂದಿನ ಸಾಲಿಗೆ.

ಇಸ್ಲಾಮಿನ ವ್ಯಾಪಾರ ನೀತಿ ಈ ಬಗೆಯ ಅನಿಶ್ಚಿತತೆಯನ್ನು ‘ಗರರ್’ ಎಂದು ಕರೆಯುತ್ತದೆ. ಹಣ್ಣು ಬಲಿಯುವ ಲಕ್ಷಣ ಕಾಣುವ ಮುನ್ನ ಮರದ ಮೇಲೆ ಮಾರುವುದನ್ನು ಪ್ರವಾದಿಯವರು ತಡೆದರೆಂದು ಹದೀಸ್ ಹೇಳುತ್ತದೆ. ಆದರೆ ಅದೇ ನೀತಿಶಾಸ್ತ್ರಕ್ಕೆ ಲೋಕದ ವ್ಯವಹಾರವೂ ಗೊತ್ತಿತ್ತು. ಮುಂಗಡ ಕೊಟ್ಟು ಮುಂದೆ ಪಡೆಯುವ ‘ಸಲಮ್’ ಕರಾರಿಗೆ ಅದು ಒಪ್ಪಿತು. ಆದರೆ ಅಳತೆ, ತೂಕ, ಗುಣ, ಅವಧಿ ಎಲ್ಲ ಸ್ಪಷ್ಟವಾಗಿರಬೇಕು. ಹೇಳಿ ಮಾಡಿಸುವ ವಸ್ತುವಿಗೆ ‘ಇಸ್ತಿಸ್ನಾ’ ಎಂಬ ಕರಾರನ್ನು ಬೆಳೆಸಿತು. ಕಾಣದೆ ಕೊಂಡವನಿಗೆ ಕಂಡ ಮೇಲೆ ಬಿಡುವ ಹಕ್ಕನ್ನು ನ್ಯಾಯಪಂಡಿತರಲ್ಲಿ ಹಲವರು ಒಪ್ಪಿದರು. ಸರಕಾರಗಳು ಇಂದು ಬಳಸುವ ಮಾತುಗಳು ಬೇರೆ. ಕೆಲಸವನ್ನು ತುಂಡು ಮಾಡಿ ಕೊಳ್ಳಿ, ಮೊದಲು ಒಂದು ಕಡೆ ಪ್ರಯೋಗ ಮಾಡಿ, ನಡೆದದ್ದನ್ನು ನೋಡಿ ಮುಂದಿನ ಹಣ ಕೊಡಿ ಎನ್ನುತ್ತಾರೆ. ವಿವೇಕ ಒಂದೇ: ಕಾಣದ್ದರ ಮೇಲೆ ಪೂರ್ತಿ ಬೆಲೆ ಕಟ್ಟಬೇಡ, ಸೋಲಿನ ಭಾರವನ್ನು ಬಲಹೀನನ ಮೇಲೆ ಹೊರಿಸಬೇಡ.

ಹೊರಲೋಕದ ಒಂದು ಉದಾಹರಣೆ ಇಲ್ಲಿ ನೆನಪಾಗುತ್ತದೆ. ಇಂಗ್ಲೆಂಡಿನ ಅಂಚೆ ಇಲಾಖೆ 1999ರಿಂದ ‘ಹೊರೈಜನ್’ ಎಂಬ ಲೆಕ್ಕದ ವ್ಯವಸ್ಥೆಯನ್ನು ತನ್ನ ಶಾಖೆಗಳಿಗೆ ತಂದಿತು. ಲೆಕ್ಕದಲ್ಲಿ ಇಲ್ಲದ ಕೊರತೆ ಕಾಣಿಸತೊಡಗಿತು. ಸಣ್ಣ ಊರುಗಳಲ್ಲಿ ಅಂಚೆ ಅಂಗಡಿ ನಡೆಸುತ್ತಿದ್ದವರ ಮೇಲೆ ಕಳ್ಳತನದ ಮೊಕದ್ದಮೆ ಬಿತ್ತು. 900ಕ್ಕೂ ಹೆಚ್ಚು ಜನ ಶಿಕ್ಷೆಗೊಳಗಾದರು. ಅವರಲ್ಲಿ ಭಾರತೀಯ ಮೂಲದವರೂ ಇದ್ದರು. ತಪ್ಪು ಯಂತ್ರದ್ದೆಂದು ಒಪ್ಪಿ, 2024ರಲ್ಲಿ ಸಂಸತ್ತು ಕಾನೂನು ಮಾಡಿಯೇ ಆ ತೀರ್ಪುಗಳನ್ನು ರದ್ದುಪಡಿಸಬೇಕಾಯಿತು. ಈ ಕತೆಯಲ್ಲಿ ನಮ್ಮ ವಿಷಯಕ್ಕೆ ತಾಗುವ ಒಂದು ಎಳೆ ಇದೆ. ಲೆಕ್ಕದ ಮೂಲ ದಾಖಲೆಯನ್ನು ಕಂಪೆನಿಯಿಂದ ಪಡೆಯಲು ವರ್ಷಕ್ಕೆ ಇಷ್ಟೇ ಸಲ ಎಂಬ ಮಿತಿ ಒಪ್ಪಂದದಲ್ಲಿತ್ತು. ಮಿತಿ ಮೀರಿದರೆ ಪ್ರತ್ಯೇಕ ಹಣ. ನಿರಪರಾಧಿ ಎಂದು ತೋರಿಸಬಹುದಾಗಿದ್ದ ಪುರಾವೆಯೂ ಖರ್ಚಿನ ಬಾಬತ್ತಾಯಿತು. ಹಾಗೆ ಬರೆದವರಿಗೆ ಯಾರನ್ನೂ ಜೈಲಿಗೆ ಕಳಿಸುವ ಉದ್ದೇಶವಿರಲಿಲ್ಲ. ಅವರು ಬರೀ ಬೆಲೆ ಮಾತಾಡುತ್ತಿದ್ದರು.

ನಮ್ಮಲ್ಲಿ ಅಷ್ಟು ಘೋರವಾದದ್ದು ನಡೆಯದಿರಬಹುದು. ಆದರೆ ಹೆಸರಿನ ವಿಷಯ ತೆಗೆದುಕೊಳ್ಳಿ. ಪಹಣಿಯಲ್ಲಿ ‘ಮಹಮದ್’, ರೇಷನ್ ಕಾರ್ಡಿನಲ್ಲಿ ‘ಮಹಮ್ಮದ್’, ಆಧಾರದ ಇಂಗ್ಲಿಷಿನಲ್ಲಿ ಮೂರನೆಯ ಬಗೆ. ಇದು ನಮ್ಮ ಸಮುದಾಯದ ಕಷ್ಟ ಮಾತ್ರವಲ್ಲ. ಚಿತ್ರದುರ್ಗ ಸೀಮೆಯ ತಿಪ್ಪೇಸ್ವಾಮಿಗಳ ಹೆಸರಿನ ಇಂಗ್ಲಿಷ್ ಕಾಗುಣಿತವೂ ಕಾರ್ಡಿಗೊಂದು ಥರ. ಒಂದಕ್ಷರ ಹೆಚ್ಚು ಕಡಿಮೆಯಾದರೆ ಇಬ್ಬರೂ ಒಬ್ಬನೇ ಎಂದು ಯಂತ್ರ ಒಪ್ಪಬೇಕೋ, ತಿರಸ್ಕರಿಸಬೇಕೋ, ಇಲ್ಲವೆ ಒಬ್ಬ ಮನುಷ್ಯನ ತೀರ್ಮಾನಕ್ಕೆ ಬಿಡಬೇಕೋ? ಊರಿನವರಿಗೆ ಇದು ಪ್ರಶ್ನೆಯೇ ಅಲ್ಲ, ಮುಖ ನೋಡಿ ಹೇಳುತ್ತಾರೆ. ಯಂತ್ರಕ್ಕೆ ಅದನ್ನು ಮೊದಲೇ ಹೇಳಬೇಕು. ಹೇಳದೆ ಬಿಟ್ಟರೆ ಅದು ತಿರಸ್ಕರಿಸುತ್ತದೆ. ಪರಿಹಾರದ ಹಣ ಬರದೆ ಹೋದ ಮುದುಕಿಗೆ ತನ್ನ ಹೆಸರೇ ತನಗೆ ಅಡ್ಡ ಬಂದಿತೆಂದು ಯಾರು ಹೇಳಬೇಕು?

ಯಾರ ತೊಂದರೆ ಲೆಕ್ಕಕ್ಕೆ ಬರುತ್ತದೆ ಎಂಬುದನ್ನೂ ನೋಡಬೇಕು. 2021ರ ಜೂನ್ 7ರಂದು ಹೊಸ ಆದಾಯ ತೆರಿಗೆ ಜಾಲತಾಣ ಶುರುವಾಯಿತು. ಅದು ಇನ್ಫೋಸಿಸ್‌ಗೆ 4,242 ಕೋಟಿ ರೂಪಾಯಿಗೆ ಕೊಟ್ಟ ಗುತ್ತಿಗೆ. ತೊಡಕುಗಳು ಎದ್ದವು. ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವರು ಕಂಪೆನಿಯ ಮುಖ್ಯಸ್ಥರನ್ನೇ ಕರೆಸಿ ವಿವರಣೆ ಕೇಳಿದರು, ರಿಟರ್ನ್ಸ್ ಸಲ್ಲಿಸುವ ಕೊನೆಯ ದಿನವನ್ನು ವರ್ಷದ ಕೊನೆಯವರೆಗೆ ಮುಂದೂಡಿದರು. ಅದು ಸರಿಯಾದ ನಡೆಯೇ. ನೋಂದಣಿ ಇಲಾಖೆಯ ‘ಕಾವೇರಿ 2.0’ ವ್ಯವಸ್ಥೆ 2024ರ ಕೊನೆ ಮತ್ತು 2025ರ ಆರಂಭದಲ್ಲಿ ಹೊರಗಿನ ದಾಳಿಗೆ ಸಿಕ್ಕಿ ತಡವರಿಸಿದಾಗಲೂ ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಪೊಲೀಸ್ ದೂರು ದಾಖಲಾಯಿತು. ತೆರಿಗೆ ಕಟ್ಟುವವರಿಗೂ ನಿವೇಶನ ಕೊಳ್ಳುವವರಿಗೂ ದನಿ ಇದೆ. ಬೆಳೆ ವಿಮೆಯ ಅಜ್ಜನಿಗೆ ಮಾತ್ರ ಉತ್ತರ “ನಾಳೆ ಬಾ.” ಗಡುವು ಕಾನೂನಿನದು, ನಿಧಾನ ಯಂತ್ರದ್ದು, ದಂಡ ಮಾತ್ರ ಅಜ್ಜನದು. ಇದು ಯಾವ ತಕ್ಕಡಿ?

ಇಷ್ಟು ಕೇಳಿದ ಮೇಲೆ ಅನುಭವಸ್ಥರು ಒಂದು ಮಾತು ಹೇಳಬಹುದು. “ನೀವು ಹೇಳುವುದೆಲ್ಲ ಚೆನ್ನ. ಆದರೆ ಅಧಿಕಾರಿಗೆ ವಿವೇಚನೆ ಕೊಟ್ಟರೆ ಅದೇ ಭ್ರಷ್ಟಾಚಾರದ ಬಾಗಿಲು. ಅಗ್ಗದ್ದನ್ನು ಕೊಳ್ಳುವ ನಿಯಮ ಕುರುಡಾದರೂ ಪ್ರಾಮಾಣಿಕ. ಇನ್ನು ಎಲ್ಲ ಯೋಚಿಸಿ, ಎಲ್ಲರನ್ನೂ ಕೇಳಿ ಕೊಳ್ಳುವ ಹೊತ್ತಿಗೆ ಆ ಅಧಿಕಾರಿಗೆ ವರ್ಗ ಆಗಿರುತ್ತದೆ.” ಈ ಮಾತನ್ನು ತಳ್ಳಿಹಾಕಲು ಬರುವುದಿಲ್ಲ. ಗುಣದ ಹೆಸರಿನಲ್ಲಿ ಬೇಕಾದ ಕಂಪೆನಿಗೆ ಮಾತ್ರ ಹೊಂದುವ ಷರತ್ತುಗಳನ್ನು ಬರೆದುಕೊಂಡ ಟೆಂಡರುಗಳ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ನಂಬಿಕೆ ಬೇಕು ಎಂದು ಉಪದೇಶ ಮಾಡಿದ ಮಾತ್ರಕ್ಕೆ ನಂಬಿಕೆ ಹುಟ್ಟುವುದಿಲ್ಲ.

ಆದರೆ ನಂಬಿಕೆಗೂ ಬರಹಕ್ಕೂ ವಿರೋಧವಿದೆ ಎಂಬ ಭಾವನೆಯೇ ಸರಿಯಲ್ಲ. ಕುರ್‌ಆನಿನ ಅತ್ಯಂತ ದೀರ್ಘ ವಚನ ಯಾವುದರ ಬಗ್ಗೆ ಇದೆ ಎಂದು ಕೇಳಿದರೆ ಹಲವರು ಆರಾಧನೆಯ ಬಗ್ಗೆ ಇರಬೇಕೆಂದು ಊಹಿಸುತ್ತಾರೆ. ಅಲ್ಲ. ಎರಡನೆಯ ಅಧ್ಯಾಯದ 282ನೆಯ ಆ ವಚನ ಇರುವುದು ಸಾಲದ ಕರಾರನ್ನು ಬರೆಯುವ ಬಗ್ಗೆ. ಅದರಲ್ಲಿ ಮೂರು ಸಂಗತಿಗಳು ನಮ್ಮ ಪ್ರಶ್ನೆಗೆ ನೇರವಾಗಿ ತಾಗುತ್ತವೆ. ಮೊತ್ತ ಸಣ್ಣದೆಂದು ಉದಾಸೀನ ಮಾಡದೆ ಬರೆಯಬೇಕು, ಸಾಕ್ಷಿಗಳಿರಬೇಕು ಎಂಬುದು ಒಂದು. ಹೇಳಿ ಬರೆಸಲು ಆಗದ ದುರ್ಬಲನಿದ್ದರೆ ಅವನ ಪರವಾಗಿ ಅವನ ಪೋಷಕ ನ್ಯಾಯವಾಗಿ ಬರೆಸಬೇಕು ಎಂಬುದು ಎರಡು. ಬರೆದವನಿಗೂ ಸಾಕ್ಷಿ ಹೇಳಿದವನಿಗೂ ಆ ಕಾರಣಕ್ಕೆ ತೊಂದರೆಯಾಗಬಾರದು ಎಂಬುದು ಮೂರು. ನಮ್ಮ ಖರೀದಿ ನಿಯಮಗಳು ಮೊದಲನೆಯದನ್ನು ಚೆನ್ನಾಗಿ ಮಾಡುತ್ತವೆ. ಎರಡನೆಯದು ಅವುಗಳಿಗೆ ಹೊಳೆದೇ ಇಲ್ಲ. ಮೂರನೆಯದಕ್ಕೆ ತದ್ವಿರುದ್ಧವಾಗಿ ನಡೆಯುತ್ತವೆ. ಕಾರಣ ಬರೆದು ಒಳ್ಳೆಯದನ್ನು ಆರಿಸಿದ ಅಧಿಕಾರಿಗೇ ಕಾಟ.

ಹಾಗಾದರೆ ಏನು ಮಾಡಬಹುದು? ನಮಗೆ ತೋಚಿದ ಕೆಲವನ್ನು ಹೇಳುತ್ತೇವೆ. ದೊಡ್ಡ ಖರೀದಿಯ ದಸ್ತಾವೇಜು ಬರೆಯುವ ಮುನ್ನ, ಬರೆಯುವವರು ಒಂದು ವಾರ ತಾಲೂಕು ಕಚೇರಿಯ ಹೊರಗೆ, ಕಿಟಕಿಯ ಈಚೆ ನಿಲ್ಲಲಿ. ಕರಡನ್ನು ಕನ್ನಡದಲ್ಲಿ ಪ್ರಕಟಿಸಿ ಕಿಟಕಿಯ ಹಿಂದೆ ಕೂರುವ ಹುಡುಗಿಯನ್ನೂ ಮುಂದೆ ನಿಲ್ಲುವ ರೈತರನ್ನೂ ಕೇಳಲಿ. ದುರ್ಬಲನ ಪರವಾಗಿ ಬರೆಸುವ ಪೋಷಕ ಎಂದರೆ ಇದೇ. ಇಡೀ ರಾಜ್ಯಕ್ಕೆ ಒಮ್ಮೆಲೇ ಹರಡುವ ಬದಲು ಹೊಳಲ್ಕೆರೆಯಂಥ ಒಂದು ತಾಲೂಕಿನಲ್ಲಿ, ಕೊನೆಯ ದಿನದ ನೂಕುನುಗ್ಗಲಿನಲ್ಲಿ, ಪರೀಕ್ಷಿಸಿ ನೋಡಲಿ. ಹಣವನ್ನು ಇಳಿಸಿದ ಯಂತ್ರಕ್ಕಲ್ಲದೆ ಮುಗಿಸಿಕೊಟ್ಟ ಕೆಲಸಕ್ಕೆ ಕೊಡಲಿ. ದಾಖಲೆಯೂ ತಂತ್ರಾಂಶದ ಮೂಲವೂ ಸರಕಾರದ ಬಳಿಯೇ ಇರಲಿ, ಗುತ್ತಿಗೆದಾರ ಬದಲಾದರೆ ಹೊಸಬರಿಗೆ ಒಪ್ಪಿಸಿಕೊಡುವ ಕ್ರಮ ಮೊದಲ ದಿನವೇ ಬರೆದಿರಲಿ. ಇದನ್ನೆಲ್ಲ ಅರಿತು ನಡೆಸುವ ಕೆಲವು ಮಂದಿಯನ್ನಾದರೂ ಸರಕಾರ ತನ್ನ ಮನೆಯಲ್ಲೇ ಸಾಕಿಕೊಳ್ಳಲಿ. ತನಗೆ ಏನೂ ತಿಳಿಯದವನು ಒಳ್ಳೆಯ ಗಿರಾಕಿಯೂ ಆಗಲಾರ. ಕಾರಣಗಳನ್ನು ಬಹಿರಂಗವಾಗಿ ಬರೆದಿಟ್ಟು ಆರಿಸಿದ ಅಧಿಕಾರಿಗೆ ಮುಂದೆ ರಕ್ಷಣೆ ಇರಲಿ.

ಇವೆಲ್ಲಕ್ಕಿಂತ ಮೊದಲು ಒಂದು ಸಣ್ಣ ಷರತ್ತು. ಯಂತ್ರ ನಿಂತ ದಿನ ಬಂದವನಿಗೆ ಬಂದ ತಾರೀಖಿನ ಒಂದು ಚೀಟಿ ಕೈಯಲ್ಲಿ ಬರೆದು ಕೊಡಬೇಕು. ಗಡುವಿನ ಲೆಕ್ಕಕ್ಕೆ ಆ ತಾರೀಖೇ ನಡೆಯಬೇಕು. ಇದಕ್ಕೆ ಕೋಟಿ ಬೇಡ, ಒಂದು ರಸೀದಿ ಪುಸ್ತಕ ಸಾಕು. ಆದರೆ ಇದನ್ನು ಬರೆಯಬೇಕಾದರೆ ಯಂತ್ರ ನಿಲ್ಲಬಹುದು ಎಂದು ಕೊಳ್ಳುವವರು ಒಪ್ಪಿಕೊಳ್ಳಬೇಕು, ನಿಂತಾಗ ಸೋಲುವವನು ಅವನಾಗಬಾರದು ಎಂದು ನಿಶ್ಚಯಿಸಬೇಕು. ಹಣಕ್ಕಿಂತ ಆ ನಿಶ್ಚಯಕ್ಕೇ ನಮ್ಮಲ್ಲಿ ಬರ.

ಅಜ್ಜ ಅಂದು ಸಂಜೆಯ ಬಸ್ಸಿಗೆ ಹಿಂದಿರುಗಿದ. ಮರುದಿನ ಬಂದನೋ, ವಿಮೆ ಕಟ್ಟಿದನೋ ನಾವು ಹಿಂಬಾಲಿಸಿ ನೋಡಲಿಲ್ಲ. ಅವನ ಪ್ರಶ್ನೆ ಮಾತ್ರ ನಮ್ಮ ಹಿಂದೆಯೇ ಬಂದಿದೆ. ಆ ಸರ್ವರು ಯಾರು, ಯಾವಾಗ ಬರುತ್ತಾನೆ? ಅವನನ್ನು ತಂದವರು ನಮ್ಮ ಹೆಸರಿನಲ್ಲಿ, ನಮ್ಮ ಹಣದಲ್ಲಿ ತಂದಿದ್ದಾರೆ. ಆದ್ದರಿಂದ ಉತ್ತರ ಹೇಳಬೇಕಾದವರು ಅವರಷ್ಟೇ ಅಲ್ಲ; ಕೇಳದೆ ಸುಮ್ಮನಿರುವ ನಾವೂ ಹೌದು. ಹಿಂದೊಮ್ಮೆ ಯಾರೋ ಒಂದು ಪರದೆಯನ್ನು ಕಿಟಕಿಯ ಹೊರಗೆ ತಿರುಗಿಸಿದ್ದರು. ಮುಂದಿನ ಟೆಂಡರ್ ಬರೆಯುವವರ ಮೇಜಿನ ಮೇಲೆ ಆ ನೆನಪಾದರೂ ಇರಲಿ ಎಂದು ಆಶಿಸುತ್ತೇವೆ.